ಬೆವರು ಸುರಿಯುತ್ತಿದ್ದರೂ ಹೀಟ್ ಸ್ಟ್ರೋಕ್ ಆಗಬಹುದೇ?

‘ಹುಬ್ಬಳ್ಳಿ ಬಿಸಿಲಿನಾಗ ಓಡಿದವರಿಗೆ ಮಂಗಳೂರು ಏನ್ ಲೆಕ್ಕ?’ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಏಪ್ರಿಲ್ ಬಿಸಿಲಿಗೆ ಮೈಯೊಡ್ಡಿ ಅಭ್ಯಾಸ ಮಾಡುವವರು ಹೀಗೆಂದುಕೊಂಡರೆ ಆಶ್ಚರ್ಯವಿಲ್ಲ. ಇಲ್ಲಿ 38 ಡಿಗ್ರಿ, ಅಲ್ಲಿ 33. ಆದರೆ ಓಡುವ ದೇಹಕ್ಕೆ ಈ ಅಂಕಿಯೊಂದೇ ಮುಖ್ಯವಲ್ಲ.

ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗುತ್ತದೆ. ಅದನ್ನು ಹೊರಹಾಕಲು ನಮಗಿರುವ ದೊಡ್ಡ ದಾರಿ ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಮಣ್ಣಿನ ಹರವಿಯನ್ನೇ ನೋಡಿ: ಬೇಸಿಗೆಯಲ್ಲಿ ಹೊರಮೈಗೆ ಜಿನುಗಿದ ನೀರು ಆರಿ, ಒಳಗಿನ ನೀರು ತಣ್ಣಗಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಅದೇ ಹರವಿ ಅಷ್ಟು ತಂಪು ಮಾಡುವುದಿಲ್ಲ. ಕರಾವಳಿಯಲ್ಲಿ ನಮ್ಮ ಚರ್ಮದ್ದೂ ಅದೇ ಪಾಡು.

ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಇದನ್ನು ಅಳೆಯಬಹುದು. ಗಾಳಿಯ ತೇವಾಂಶ ಶೇ. 20 ಇದ್ದರೆ 38 ಡಿಗ್ರಿಯಲ್ಲೂ ಅದು ಸುಮಾರು 21ಕ್ಕೆ ಇಳಿಯುತ್ತದೆ. ತೇವಾಂಶ ಶೇ. 70 ಇದ್ದರೆ 33 ಡಿಗ್ರಿಯಲ್ಲಿ 28ರ ಹತ್ತಿರವೇ ನಿಲ್ಲುತ್ತದೆ. 2019ರ ದೋಹಾ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಬಿಸಿಲು ತಪ್ಪಿಸಲೆಂದು ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿ ಆರಂಭಿಸಿದರು. ಆಗಲೂ 32 ಡಿಗ್ರಿ ದಾಟಿತ್ತು, ತೇವಾಂಶ ಶೇ. 70ಕ್ಕಿಂತ ಹೆಚ್ಚು. ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದವರು 40.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ‘ಮೈ ಒಣಗಿ ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್’ ಎಂಬ ಮಾತು ಬಿಸಿಗಾಳಿಯ ದಿನಗಳಲ್ಲಿ ಮನೆಯಲ್ಲೇ ಬಳಲುವ ವೃದ್ಧರಿಗೆ ಬಹುಮಟ್ಟಿಗೆ ಹೊಂದುತ್ತದೆ. ಆಟಗಾರರಿಗೆ ಹೊಂದುವುದಿಲ್ಲ. ಮೈಯೆಲ್ಲ ತೊಯ್ದಿರುವಾಗಲೇ ಅವರ ದೇಹದೊಳಗಿನ ತಾಪ 40 ಡಿಗ್ರಿ ದಾಟಬಹುದು. ಆದ್ದರಿಂದ ನೋಡಬೇಕಾದದ್ದು ಬೆವರನ್ನಲ್ಲ, ನಡವಳಿಕೆಯನ್ನು: ತೂರಾಡುವುದು, ತೊದಲುವುದು, ಸುಮ್ಮನೆ ರೇಗುವುದು, ತಾನೆಲ್ಲಿದ್ದೇನೆಂದು ತಿಳಿಯದಿರುವುದು. ಹಣೆಗೆ ಹಿಡಿಯುವ ಥರ್ಮಾಮೀಟರ್ ಇಲ್ಲಿ ಕಡಿಮೆ ತೋರಿಸಿ ಮೋಸ ಮಾಡಬಲ್ಲದು.

ಆಗ 108ಕ್ಕೆ ಕರೆ ಮಾಡಿ. ಆದರೆ ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಡಿ. ದೊಡ್ಡ ಟಬ್ ಇದ್ದರೆ ಐಸ್ ಬೆರೆಸಿದ ನೀರಿನಲ್ಲಿ, ತಲೆ ಮುಳುಗದಂತೆ ಹಿಡಿದು, ಕುತ್ತಿಗೆವರೆಗೆ ಕೂರಿಸಿ. ಇಲ್ಲದಿದ್ದರೆ ತಾಡಪಾಲನ್ನು ನಾಲ್ಕು ಜನ ತೊಟ್ಟಿಲಿನಂತೆ ಎತ್ತಿ ಹಿಡಿದು, ಅದರಲ್ಲಿ ಮಲಗಿಸಿ ತಣ್ಣೀರು ಸುರಿಯಿರಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು. ಮೊದಲ ಅರ್ಧ ಗಂಟೆಯೊಳಗೆ ತಾಪ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಅಮೆರಿಕದ ಫಾಲ್ಮೌತ್ ಓಟದಲ್ಲಿ 18 ವರ್ಷಗಳಲ್ಲಿ ಹೀಟ್ ಸ್ಟ್ರೋಕ್ ಆದ 274 ಮಂದಿಗೆ ಸ್ಥಳದಲ್ಲೇ ಹೀಗೆ ತಣ್ಣೀರಿನ ಟಬ್ ಚಿಕಿತ್ಸೆ ಸಿಕ್ಕಿತು. ಒಬ್ಬರೂ ಸಾಯಲಿಲ್ಲ.

ಮಂಗಳೂರಿಗೆ ಆಡಲು ಹೋಗುವ ನಮ್ಮ ತಂಡಗಳು ಸಾಧ್ಯವಾದರೆ 10ರಿಂದ 14 ದಿನ ಮೊದಲೇ ಅಲ್ಲಿ ಹಗುರವಾಗಿ ಅಭ್ಯಾಸ ಶುರುಮಾಡಲಿ. ಸೆಕೆಗೆ ದೇಹ ಒಗ್ಗಲು ಅಷ್ಟು ಸಮಯ ಬೇಕು. ಇನ್ನು ಸಂಘಟಕರಿಗೆ ನಮ್ಮದೊಂದು ವಿನಂತಿ: ಮುಖ್ಯ ಅತಿಥಿಗಳು ಬಂದಿಲ್ಲವೆಂದು ಬೆಳಗಿನ 7ರ ಓಟವನ್ನು 10ಕ್ಕೆ ಎಳೆಯಬೇಡಿ.