ಘಟ್ಟದ ತಿರುವಿನಲ್ಲಿ ಮುಗ್ಗರಿಸುವ ಎಂಜಿನ್

ಕರಾವಳಿಯಿಂದ ಶಿರಸಿಗೆ ಬರುವವರು ದೇವಿಮನೆ ಘಟ್ಟವನ್ನೂ, ಸಿದ್ದಾಪುರಕ್ಕೆ ಬರುವವರು ದೊಡ್ಮನೆ ಘಟ್ಟವನ್ನೂ, ಯಲ್ಲಾಪುರಕ್ಕೆ ಬರುವವರು ಅರಬೈಲು ಘಟ್ಟವನ್ನೂ ಏರುವುದು ವಾಡಿಕೆ. ಇವುಗಳಲ್ಲೊಂದನ್ನು ಹಳೆಯ ಫಿಯಟ್ ಅಥವಾ ಅಂಬಾಸಡರ್ ಕಾರಿನಲ್ಲಿ ಏರಿದ ಓದುಗರಿಗೆ ಈ ಅನುಭವ ಹೊಸದಾಗಿರಲಾರದು. ಮುಂದೆ ಹೇರು ತುಂಬಿದ ಲಾರಿಯೊಂದು ತೆವಳುತ್ತಿದೆ. ತಿರುವು ಕಳೆದು ರಸ್ತೆ ನೆಟ್ಟಗಾದೊಡನೆ ಅದನ್ನು ದಾಟಲೆಂದು ಚಾಲಕನು ಆಕ್ಸಿಲರೇಟರನ್ನು ಬಲವಾಗಿ ತುಳಿಯುತ್ತಾನೆ. ಎಂಜಿನ್ ಹುರುಪುಗೊಳ್ಳುವ ಬದಲು ಉಸಿರು ಕಟ್ಟಿದಂತೆ ಒಂದು ಕ್ಷಣ ತಡವರಿಸುತ್ತದೆ, ಕೆಲವೊಮ್ಮೆ ಕಾರ್ಬ್ಯುರೇಟರಿನೊಳಗೇ 'ಫಟ್' ಎಂದು ಸಿಡಿಯುತ್ತದೆ, ಅನಂತರವೇ ಎಳೆಯತೊಡಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 8 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಒಂದು ಸೆಕೆಂಡು ಅಲ್ಪವಾದುದಲ್ಲ.

"ಘಟ್ಟದ ಮೇಲೆ ಗಾಳಿ ತೆಳು, ಅದಕ್ಕೇ ಗಾಡಿಗೆ ಪಿಕಪ್ ಇಲ್ಲ" ಎಂಬ ಸಮಾಧಾನ ಸುಲಭವಾಗಿ ಸಿಗುತ್ತದೆ. ಅದು ಒಪ್ಪತಕ್ಕ ಮಾತಲ್ಲ. ಈ ಊರುಗಳು ಸಮುದ್ರಮಟ್ಟದಿಂದ ಸುಮಾರು 500–600 ಮೀಟರ್ ಎತ್ತರದಲ್ಲಿವೆ. ಅಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಐದಾರು ಪಾಲು ಮಾತ್ರ ಕಡಿಮೆ. ಎಂಜಿನ್ನಿನ ಶಕ್ತಿಯೂ ಸುಮಾರಾಗಿ ಅಷ್ಟೇ ಕುಗ್ಗೀತು. ಅಲ್ಲದೆ ತೆಳುಗಾಳಿಯಲ್ಲಿ ಕಾರ್ಬ್ಯುರೇಟರು ಗಾಳಿಯ ಪ್ರಮಾಣಕ್ಕಿಂತ ತುಸು ಹೆಚ್ಚೇ ಪೆಟ್ರೋಲನ್ನು ಕೊಡುತ್ತದೆ. ನಾವು ಹೇಳುತ್ತಿರುವ ಮುಗ್ಗರಿಕೆಗೆ ಬಹುಮಟ್ಟಿಗೆ ಕಾರಣವಾಗುವುದು ಇದಕ್ಕೆ ತೀರ ವಿರುದ್ಧವಾದ ಸ್ಥಿತಿ, ಎಂದರೆ ಪೆಟ್ರೋಲಿನ ಕೊರತೆ.

ಈ ಕೊರತೆ ಹೇಗೆ ಉಂಟಾಗುತ್ತದೆ? ಎಂಜಿನ್ ಒಳಗೆಳೆಯುವ ಗಾಳಿ ಕಾರ್ಬ್ಯುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ವೇಗವಾಗಿ ನುಗ್ಗುವುದರಿಂದ ಅಲ್ಲಿ ಒತ್ತಡ ಇಳಿಯುತ್ತದೆ. ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲು ಮೇಲೆದ್ದು ಗಾಳಿಯೊಡನೆ ಬೆರೆಯುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಉರಿಯಲು ಸುಮಾರು 15 ಪಾಲು ಗಾಳಿ ಬೇಕು. ಆಕ್ಸಿಲರೇಟರನ್ನು ತುಳಿದಾಗ ತೆರೆಯುವುದು ಗಾಳಿಯ ದಾರಿಯ ಥ್ರಾಟಲ್ ಕದ ಮಾತ್ರ. ಮೆಲ್ಲನೆ ತೆರೆದರೆ ಗಾಳಿ, ಪೆಟ್ರೋಲು ಎರಡೂ ಜೊತೆಜೊತೆಯಾಗಿ ಹೆಚ್ಚುತ್ತವೆ. ಥಟ್ಟನೆ ತೆರೆದರೆ ಹಗುರವಾದ ಗಾಳಿ ತಕ್ಷಣ ನುಗ್ಗುತ್ತದೆ. ಅದಕ್ಕಿಂತ ಆರುನೂರು ಪಟ್ಟು ಸಾಂದ್ರವಾದ ಪೆಟ್ರೋಲು ಹಿಂದುಳಿಯುತ್ತದೆ.

ಇನ್ನೊಂದು ಕಾರಣವೂ ಉಂಟು; ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಸ್ವಾರಸ್ಯವಾದುದು. ಕದ ಬಹುಪಾಲು ಮುಚ್ಚಿದ್ದಾಗ ಅದರಾಚೆಯ ಕೊಳವೆಯಲ್ಲಿ ಒತ್ತಡ ಬಹಳ ಕಡಿಮೆಯಿದ್ದು ಪೆಟ್ರೋಲು ಸುಲಭವಾಗಿ ಆವಿಯಾಗುತ್ತಿರುತ್ತದೆ. ಕದ ತೆರೆದೊಡನೆ ಒತ್ತಡ ಏರುತ್ತದೆ, ಆವಿಯಾಗುವಿಕೆ ತಗ್ಗುತ್ತದೆ. ಪೆಟ್ರೋಲಿನ ಒಂದಂಶ ಮುಂಜಾವದ ಇಬ್ಬನಿಯಂತೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ತಲುಪಿದ ಬಡಮಿಶ್ರಣ ನಿಧಾನವಾಗಿ ಉರಿಯುತ್ತದೆ. ಮತ್ತೆ ಒಳಕವಾಟ ತೆರೆಯುವವರೆಗೂ ಉರಿ ಆರದಿದ್ದರೆ ಅದು ಹಿಂದಕ್ಕೆ ಹಾರುತ್ತದೆ. 'ಫಟ್' ಎಂಬ ಸದ್ದಿನ ಮೂಲ ಇದೇ.

ಈ ಕೊರತೆಯನ್ನು ತುಂಬಲು ಎಂಜಿನಿಯರರು ಎರಡು ಉಪಾಯಗಳನ್ನು ಹೂಡಿದರು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಒಂದು ಪುಟ್ಟ ಪಂಪು ಇದೆ. ಆಕ್ಸಿಲರೇಟರನ್ನು ತುಳಿದಾಗ ಅದರ ಡಯಾಫ್ರಾಮ್ ಎಂಬ ಪೊರೆ ಒತ್ತಲ್ಪಟ್ಟು, ಪೆಟ್ರೋಲಿನ ಧಾರೆಯೊಂದನ್ನು ನೇರವಾಗಿ ಕೊರಳಿಗೆ ಚಿಮ್ಮಿಸುತ್ತದೆ. ಹಿಂದಿನ ಹಲವು ಅಂಬಾಸಡರ್‌ಗಳಲ್ಲಿದ್ದ ಎಸ್‌.ಯು. ಕಾರ್ಬ್ಯುರೇಟರಿನಲ್ಲಿ ಈ ಪಂಪು ಇಲ್ಲ. ಗಾಳಿ ಹೆಚ್ಚಿದಂತೆ ಮೇಲೇರುವ ಪಿಸ್ಟನ್ ಇದೆ. ಅದರ ನೆತ್ತಿಯ ಕುಳಿಯಲ್ಲಿರುವ ಎಣ್ಣೆ ಪಿಸ್ಟನ್ ಥಟ್ಟನೆ ಏರದಂತೆ ತಡೆಯುತ್ತದೆ. ಆ ಕ್ಷಣ ಜೆಟ್ಟಿನ ಮೇಲೆ ಸೆಳೆತ ಹೆಚ್ಚಿ ಹೆಚ್ಚು ಪೆಟ್ರೋಲು ಬರುತ್ತದೆ.

ಆದುದರಿಂದ ಪರೀಕ್ಷೆಯೂ ಸುಲಭ. ಮೊದಲು ಚೋಕನ್ನು ತುಸು ಎಳೆದು ಗಾಡಿ ಓಡಿಸಿ ನೋಡಿ. ಮುಗ್ಗರಿಕೆ ಕಡಿಮೆಯಾದರೆ ದೋಷ ಪೆಟ್ರೋಲಿನ ಕೊರತೆಯೇ. ಅನಂತರ ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಬೀಡಿ ಬೆಂಕಿಯನ್ನೆಲ್ಲ ದೂರವಿಟ್ಟು ಗಾಳಿಯ ಶೋಧಕವನ್ನು ಬಿಚ್ಚಬೇಕು. ಸೋಲೆಕ್ಸ್ ಆದರೆ ಒಬ್ಬರು ಆಕ್ಸಿಲರೇಟರನ್ನು ತುಳಿಯಲಿ, ಇನ್ನೊಬ್ಬರು ಕೊರಳಿನೊಳಗೆ ನೋಡಲಿ. ತುಳಿದ ಕೂಡಲೆ ಧಾರೆ ಚಿಮ್ಮಬೇಕು. ತಡವಾಗಿ ಬಂದರೆ, ತೊಟ್ಟಿಕ್ಕಿದರೆ ಅಥವಾ ಬಾರದಿದ್ದರೆ ಪೊರೆ ಹರಿದಿದೆ, ಇಲ್ಲವೆ ಪಂಪಿನ ರಂಧ್ರ ಕಟ್ಟಿಕೊಂಡಿದೆ. ಎಸ್‌.ಯು. ಆದರೆ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ನೋಡಬೇಕು. ಏರುವಾಗ ಅದು ಕೈಗೆ ಎದುರೊತ್ತಬೇಕು, ಬಿಟ್ಟಾಗ ತಡೆಯಿಲ್ಲದೆ ಇಳಿಯಬೇಕು. ಹಗುರವಾಗಿ ಏರಿದರೆ ಎಣ್ಣೆ ಮುಗಿದಿದೆ. ಚಮಚದಷ್ಟು ತೆಳು ಎಣ್ಣೆಯಿಂದ ರೋಗ ವಾಸಿಯಾಗುತ್ತದೆ.

ನನ್ನ ಮಿತ್ರರೊಬ್ಬರು ಇದೊಂದನ್ನೂ ನೋಡದೆ ಪ್ಲಗ್ಗುಗಳನ್ನೂ ಕಾಯಿಲನ್ನೂ ಬದಲಾಯಿಸಿ ಹಣ ತೆತ್ತರು. ಕೊನೆಗೆ ಸಿಕ್ಕಿದ್ದು ಒಣಗಿ ಬಿರುಸಾದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪೊರೆ.

ಹಾಗೆಂದು ಕಿಡಿಯ ದೋಷ ಇರಲಾರದೆಂದಲ್ಲ. ಥ್ರಾಟಲ್ ತೆರೆದಾಗ ಸಿಲಿಂಡರಿನ ಒತ್ತಡ ಹೆಚ್ಚುವುದರಿಂದ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ ಅದು ದೊರೆಯದು. ಆದರೆ ಆಗ ಎಂಜಿನ್ ಒಂದು ಕ್ಷಣ ಮುಗ್ಗರಿಸಿ ಚೇತರಿಸಿಕೊಳ್ಳುವುದಿಲ್ಲ, ಏರಿನುದ್ದಕ್ಕೂ ಮಿಸ್ಸಿಂಗ್ ಹೊಡೆಯುತ್ತದೆ. ಮೊದಲು ಚೆನ್ನಾಗಿ ಎಳೆದು ಕೆಲವು ಸೆಕೆಂಡುಗಳ ಮೇಲೆ ಸೊರಗಿದರೆ ಪೆಟ್ರೋಲ್ ಪಂಪು ಅಥವಾ ಫಿಲ್ಟರನ್ನು ಸಂಶಯಿಸಬೇಕು.

ಈಚೆಗೆ ಮತ್ತೊಂದು ಕಾರಣ ಸೇರಿದೆ. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ನೂರಕ್ಕೆ 20ಕ್ಕೆ ಏರಿತು. ಎಥೆನಾಲು ಉರಿಯಲು ತನ್ನ ತೂಕದ ಸುಮಾರು 9 ಪಟ್ಟು ಗಾಳಿ ಸಾಕು. ಹಳೆಯ ಜೆಟ್ಟಿನಲ್ಲಿ ಈ ಇಂಧನ ಹರಿದಾಗ ಗಾಳಿ ಅಗತ್ಯಕ್ಕಿಂತ ಹೆಚ್ಚಾಗಿ, ಮಿಶ್ರಣ ಮೊದಲೇ ಸ್ವಲ್ಪ ಬಡವಾಗುತ್ತದೆ. ಎಥೆನಾಲು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹೊಸ ಪೊರೆ ಕೊಳ್ಳುವಾಗ ಅದು ಎಥೆನಾಲನ್ನು ತಾಳುವ ರಬ್ಬರಿನದೇ ಎಂದು ಕೇಳಿ ಕೊಳ್ಳಬೇಕು; ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಕಾರನ್ನು ಘಟ್ಟಕ್ಕೆ ಒಯ್ಯುವ ಮುನ್ನ ಆ ಧಾರೆಯನ್ನೊಮ್ಮೆ ನೋಡಬೇಕು.