‘ತಿಥಿ’ಯ ಗಡ್ಡಪ್ಪ: ತಿದ್ದಿಕೊಳ್ಳದ ನಾಯಕ

ನಗೆಯ ಚಿತ್ರಪಟವೆಂದೊಡನೆ ನಮ್ಮ ಮನಸ್ಸು ಒಂದು ಬಗೆಯ ನಾಯಕನನ್ನು ನಿರೀಕ್ಷಿಸುತ್ತದೆ. ಅವನು ಎಡವುತ್ತಾನೆ, ಪೇಚಿಗೆ ಸಿಲುಕುತ್ತಾನೆ, ಕೊನೆಗೆ ತಿದ್ದಿಕೊಂಡು ನಾಲ್ಕು ಜನರಂತಾಗುತ್ತಾನೆ. ರಾಮ್ ರೆಡ್ಡಿಯವರು ನಿರ್ದೇಶಿಸಿದ ‘ತಿಥಿ’ಯ ಗಡ್ಡಪ್ಪ ಹಾಗಲ್ಲ. ಅವನು ತಿದ್ದಿಕೊಳ್ಳುವುದೂ ಇಲ್ಲ, ತಪ್ಪಾಯಿತೆನ್ನುವುದೂ ಇಲ್ಲ.

ಕತೆ ಮಂಡ್ಯ ಸೀಮೆಯದು. ಹೋಗಿಬರುವವರನ್ನೆಲ್ಲ ಬೈಯುತ್ತ ಕುಳಿತಿದ್ದ 101 ವರ್ಷದ ಸೆಂಚುರಿ ಗೌಡ ಒಮ್ಮೆಲೆ ಕುಸಿದು ಸಾಯುತ್ತಾನೆ. ಅಂದಿನಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ನಡೆಯುವುದಷ್ಟೇ ಕತೆ. ಹಿರಿಯ ಮಗ ಗಡ್ಡಪ್ಪನಿಗೆ ಸಾವಿನ ಸುದ್ದಿಯಿಂದ ಕಳವಳವಿಲ್ಲ. ಬ್ರಾಂದಿಯ ಸೀಸೆಯೊಡನೆ ಹೊಲದ ಬದುಗಳಲ್ಲಿ ಅಲೆಯುವುದೇ ಅವನ ಕಾಯಕ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರುವ ಆತುರ. ಮರಿಮಗ ಅಭಿಗೆ ಕುರಿಗಾಹಿ ಹುಡುಗಿ ಕಾವೇರಿಯ ಧ್ಯಾನ.

ಇಲ್ಲಿಯ ನಗೆ ಹುಟ್ಟುವುದು ಕಾಗದಪತ್ರಗಳಿಂದ. ಭೂಮಿ ಇರುವುದು ಅಜ್ಜನ ಹೆಸರಿನಲ್ಲಿ. ಅದು ಮೊದಲು ಗಡ್ಡಪ್ಪನಿಗೆ ಬರಬೇಕು. ಅವನಿಗೋ ಅದು ಬೇಡ. ಬೇಡವೆನ್ನುವವನ ಮುಂದೆ ಬೇಕೆನ್ನುವವನು ಏನು ಮಾಡಿಯಾನು? ತಮ್ಮಣ್ಣ ಸಾಲ ಮಾಡುತ್ತಾನೆ, ತಂದೆಯ ಕೈಗೆ ದುಡ್ಡು ಕೊಟ್ಟು ದೂರದ ಪ್ರವಾಸಕ್ಕೆ ಕಳಿಸಹೊರಡುತ್ತಾನೆ, ಬದುಕಿರುವ ತಂದೆಯ ಮರಣಪತ್ರವನ್ನೇ ಮಾಡಿಸುತ್ತಾನೆ. ಬೇಡಕಿಹಾಳದಂಥ ಊರಿನ ಮನೆಮಂದಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದವರು ಪಹಣಿಯೆನ್ನುವುದನ್ನು ನಮ್ಮವರು ಉತಾರವೆನ್ನುತ್ತಾರೆ. ಉತಾರಕ್ಕೆ ಹೆಸರು ಏರಿಸುವಾಗ ಅಣ್ಣತಮ್ಮಂದಿರ ನಡುವೆ ಮಾತು ನಿಂತ ಮನೆಗಳು ಯಾವ ಸೀಮೆಯಲ್ಲಿಲ್ಲ?

ಚಾರ್ಲಿ ಚಾಪ್ಲಿನ್ನನ ಅಲೆಮಾರಿಯೊಡನೆ ಗಡ್ಡಪ್ಪನನ್ನು ಹೋಲಿಸಿದರೆ ಅವನ ವೈಶಿಷ್ಟ್ಯ ತಿಳಿಯುತ್ತದೆ. ಚಾಪ್ಲಿನ್ನನ ಅಲೆಮಾರಿ ಹರಕು ಬಟ್ಟೆಯಲ್ಲಿಯೂ ಟೋಪಿ ಕೋಲು ಬಿಡದವನು. ಅನ್ನಕ್ಕೆ, ಅಕ್ಕರೆಗೆ ಹಂಬಲಿಸುವವನು. ಗಡ್ಡಪ್ಪನಿಗೆ ಮರ್ಯಾದೆಯ ಹಂಬಲವೇ ಇಲ್ಲ. ಆದ್ದರಿಂದ ಅವನನ್ನು ಅಪಮಾನಗೊಳಿಸುವುದೂ ಸಾಧ್ಯವಿಲ್ಲ.

ಆದರೆ ಅವನನ್ನು ಋಷಿಯೆಂದು ಕೊಂಡಾಡುವುದು ಅವಸರವಾದೀತು. ರಾತ್ರಿ ಕುರಿಗಾಹಿಗಳ ನಡುವೆ ಕುಳಿತು ಅವನು ತನ್ನ ಹಿಂದಿನ ಬಾಳನ್ನು ಹೇಳುತ್ತಾನೆ. ಅದನ್ನು ಕೇಳಿದ ಮೇಲೆ, ಇಷ್ಟು ಹೊತ್ತು ನಾವು ನಕ್ಕದ್ದು ಒಂದು ಗಾಯದ ಮೇಲೆಯೇ ಎಂದು ತಿಳಿಯುತ್ತದೆ. ಅವನ ನಿಶ್ಚಿಂತೆಯ ಬೆಲೆಯನ್ನು ಮಗ ತೆರುತ್ತಿದ್ದಾನೆಂಬುದೂ ಸುಳ್ಳಲ್ಲ. ಚಿತ್ರ ಇಬ್ಬರಲ್ಲಿ ಯಾರ ಪರವಾಗಿಯೂ ತೀರ್ಪು ಕೊಡುವುದಿಲ್ಲ.

ನಟಿಸಿದವರು ಬಹುತೇಕ ಹಳ್ಳಿಯ ಜನರೇ. ಗಡ್ಡಪ್ಪನಾದವರು ಚನ್ನೇಗೌಡರು, ಸೆಂಚುರಿ ಗೌಡನಾದವರು ಸಿಂಗ್ರಿಗೌಡರು. ನಿರ್ದೇಶಕರೊಡನೆ ಕತೆ ಬರೆದ ಈರೇಗೌಡರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಚಿತ್ರಕ್ಕೆ ಎರಡು ಪ್ರಶಸ್ತಿಗಳು ಬಂದವು. ಆ ವರ್ಷದ ಉತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಸಂದಿತು.

ನೋಡುವವರಿಗೆ ಒಂದೆರಡು ಸೂಚನೆ ಸಾಕು. ಮಂಡ್ಯದ ಮಾತು ನಮ್ಮ ಕಿವಿಗೆ ಹೊಸದು. ಮೊದಲ ಹತ್ತು ನಿಮಿಷ ರೇಡಿಯೊ ನಾಟಕ ಕೇಳುವಂತೆ ಲಕ್ಷ್ಯವಿಟ್ಟು ಆಲಿಸಬೇಕು. ಹಾಸ್ಯದ ಚುಟುಕಿಗಾಗಿ ಕಾಯಬಾರದು. ಮಾತು ಮುಗಿದ ಮೇಲಿನ ಮೌನದಲ್ಲಿಯೇ ನಗೆ ಇರುತ್ತದೆ. ಚಿತ್ರ ಮುಗಿದಾಗ, ಮನೆಯಲ್ಲಿ ಯಾರು ಗಡ್ಡಪ್ಪನ ಕಡೆ, ಯಾರು ತಮ್ಮಣ್ಣನ ಕಡೆ ಎಂದು ಕೇಳಿ ನೋಡಿರಿ. ಉತ್ತರ ಬರುವಾಗ ಹಿರಿಯರೂ ಕಿರಿಯರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳದೆ ಇರಲಾರರು.