ಇಳಿದ ತೂಕ ಮತ್ತೆ ಏರುವುದೇಕೆ?

‘ಎರಡು ತಿಂಗಳು ಬಾಯಿ ಕಟ್ಟಿದ್ದಕ್ಕೆ ಆರು ಕಿಲೋ ಇಳಿದಿತ್ತು. ದೀಪಾವಳಿ ಹೊತ್ತಿಗೆ ಎಂಟು ಕಿಲೋ ಏರಿತು!’ ಇಂಥ ಮಾತು ಕೇಳದ ಮನೆ ಅಪರೂಪ. ಹೇಳುವವರು ಮನೆಯ ಅಮ್ಮ ಇರಬಹುದು, ಪಿಯುಸಿ ಓದುವ ಮಗಳಿರಬಹುದು. ಕೇಳಿದವರ ತೀರ್ಪು ಮಾತ್ರ ಸಾಮಾನ್ಯವಾಗಿ ಒಂದೇ: ಬಾಯಿಚಪಲ, ಮೈಗಳ್ಳತನ, ಮನಸ್ಸು ಗಟ್ಟಿಯಿಲ್ಲ. ಶಾಲೆಯಲ್ಲಾದರೆ ಇದೇ ತೀರ್ಪು ‘ಡುಮ್ಮಿ’, ‘ಗುಂಡ’ ಎಂಬ ಅಡ್ಡಹೆಸರಾಗಿ ಮಗುವಿಗೆ ಅಂಟಿಕೊಳ್ಳುತ್ತದೆ.

ಈ ತೀರ್ಪು ಎಷ್ಟು ಸರಿ? ಕಳೆದ ಎಂಬತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಬಹುಮಟ್ಟಿಗೆ ತಪ್ಪು. ತೂಕ ಇಳಿಸಹೊರಟವರಿಗೆ ಅಡ್ಡಗಾಲು ಹಾಕುವುದು ಹೆಚ್ಚಾಗಿ ಅವರದೇ ದೇಹ. ಕೊಬ್ಬು ಕರಗತೊಡಗಿದೊಡನೆ ಅದು ಬರ ಬಂತೆಂದು ತಿಳಿದು ಖರ್ಚು ಕಡಿಮೆ ಮಾಡುತ್ತದೆ, ಹಸಿವನ್ನು ಹೆಚ್ಚಿಸುತ್ತದೆ.

ಇದರ ಸ್ಪಷ್ಟ ಚಿತ್ರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕೊನೆಯಲ್ಲಿ. ಯುರೋಪಿನಲ್ಲಿ ಜನ ಹಸಿವಿನಿಂದ ಬಳಲುತ್ತಿದ್ದರು. ಯುದ್ಧ ಮುಗಿದ ಮೇಲೆ ಅವರಿಗೆ ಹೇಗೆ ಉಣಿಸಿದರೆ ಚೇತರಿಸಿಕೊಂಡಾರು ಎಂಬುದನ್ನು ತಿಳಿಯಲು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡರು. ಅವರೆಲ್ಲ ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದೆ, ಸೈನ್ಯದ ಬದಲು ಬೇರೆ ಸೇವೆಗೆ ಮುಂದಾದವರು. ಆರೋಗ್ಯವಂತರು, ಸ್ವಂತ ಇಚ್ಛೆಯಿಂದ ಬಂದವರು. ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿದ್ದ ಕೊಠಡಿಗಳಲ್ಲೇ ಅವರ ವಾಸ. 1945ರ ಫೆಬ್ರುವರಿಯಿಂದ 24 ವಾರಗಳ ಕಾಲ ಅವರ ಊಟವನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು. ದಿನಕ್ಕೆ ಎರಡು ಹೊತ್ತು ಆಲೂಗೆಡ್ಡೆ, ಕೋಸು, ಬ್ರೆಡ್ಡು, ಮ್ಯಾಕರೋನಿ. ಒಟ್ಟು 1,570 ಕ್ಯಾಲೊರಿಯ ಆಸುಪಾಸು. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. (ಇಂದು ತೂಕ ಇಳಿಸುವವರು ಹಿಡಿಯುವ ಎಷ್ಟೋ ಪಥ್ಯಗಳಲ್ಲಿ ಇದಕ್ಕಿಂತಲೂ ಕಡಿಮೆ ಕ್ಯಾಲೊರಿ ಇರುತ್ತದೆ ಎಂಬುದನ್ನು ಗಮನಿಸಬೇಕು.)

ಆರು ತಿಂಗಳಲ್ಲಿ ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿಯೆನ್ನಿಸಿತು. ಸುಮ್ಮನೆ ಮಲಗಿರುವಾಗ ದೇಹ ಸುಡುವ ಶಕ್ತಿ ಶೇಕಡಾ 40ರಷ್ಟು ಕುಸಿಯಿತು. ಮೈ ಸಣ್ಣದಾದರೆ ಖರ್ಚೂ ಕಡಿಮೆಯಾಗುವುದು ಸಹಜವೇ. ಆದರೆ ಆ ಲೆಕ್ಕವನ್ನು ಕಳೆದ ಮೇಲೂ ಒಂದಿಷ್ಟು ಕುಸಿತ ಉಳಿಯುತ್ತಿತ್ತು. ಅದು ದೇಹ ತಾನಾಗಿ ಮಾಡಿಕೊಂಡ ಮಿತವ್ಯಯ.

ಮನಸ್ಸಿನ ಕಥೆ ಇನ್ನೂ ವಿಚಿತ್ರ. ಅಡುಗೆಯ ಕಡೆ ತಲೆ ಹಾಕದಿದ್ದ ಯುವಕರು ಪಾಕಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಸಿಕ್ಕ ಊಟವನ್ನು ಎಳೆದೆಳೆದು ತಿಂದರು, ತಟ್ಟೆ ನೆಕ್ಕಿದರು. ಚೂಯಿಂಗ್ ಗಮ್ ಅನ್ನು ಪೊಟ್ಟಣಗಟ್ಟಲೆ ಅಗಿದರು. ಮಾತು ಎಲ್ಲಿಂದ ಹೊರಟರೂ ಊಟಕ್ಕೇ ಬಂದು ನಿಲ್ಲುತ್ತಿತ್ತು. ಇಡೀ ದೇಶ ಯುದ್ಧಕ್ಕೆ ಹೊರಟಾಗ ‘ನಾವು ಬಂದೂಕು ಹಿಡಿಯೆವು’ ಎಂದು ನಿಂತವರು ಇವರು. ಇವರ ಮನಸ್ಸು ಗಟ್ಟಿಯಿರಲಿಲ್ಲ ಎನ್ನಲಾದೀತೆ?

ಮತ್ತೆ ಊಟ ಸಿಕ್ಕಾಗ ಹೊಟ್ಟೆ ತುಂಬಿದರೂ ಹಸಿವು ಹೋಗಲಿಲ್ಲ. ಕಳೆದುಕೊಂಡ ಮಾಂಸಖಂಡ ಪೂರ್ತಿ ತುಂಬಿಬರುವ ಮೊದಲೇ ಕೊಬ್ಬು ಹಳೆಯ ಮಟ್ಟವನ್ನು ದಾಟಿ ಮೇಲೇರಿತು. ‘ಆರು ಇಳಿದು ಎಂಟು ಏರಿತು’ ಎನ್ನುವವರ ಅನುಭವ 1950ರಲ್ಲಿ ಕೀಸ್ ಪ್ರಕಟಿಸಿದ ಎರಡು ದಪ್ಪ ಸಂಪುಟಗಳಲ್ಲಿ ಅಂಕಿಗಳಾಗಿ ದಾಖಲಾಗಿದೆ.

ದೇಹಕ್ಕೆ ಪಥ್ಯಕ್ಕೂ ಬರಕ್ಕೂ ವ್ಯತ್ಯಾಸ ತಿಳಿಯದು. ನಮ್ಮ ಪೂರ್ವಿಕರ ದೇಹ ಮತ್ತೆಮತ್ತೆ ಕಂಡದ್ದು ಬರವನ್ನೇ. 1876ರಿಂದ 78ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಲಕ್ಷಗಟ್ಟಲೆ ಜನ ಸತ್ತರು. ಅಂಥ ಕಾಲದಲ್ಲಿ ಮೈಯ ಕೊಬ್ಬನ್ನು ಜೋಪಾನ ಮಾಡುವ ಗುಣ ವರವೇ ಆಗಿದ್ದೀತು.

ಮಿನೆಸೋಟಾದ ಯುವಕರು ತೆಳ್ಳಗಿದ್ದವರು. ದಪ್ಪಗಿರುವವರ ದೇಹಕ್ಕೆ ಇಂಥ ಜಿಪುಣತನ ಏಕೆ ಎಂದು ಕೇಳಬಹುದು. 1995ರಲ್ಲಿ ನ್ಯೂಯಾರ್ಕಿನ ರುಡಾಲ್ಫ್ ಲೀಬೆಲ್ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿದರು. ದಪ್ಪಗಿದ್ದವರಾಗಲಿ, ಇಲ್ಲದವರಾಗಲಿ, ತಮ್ಮ ತೂಕದ ಹತ್ತನೇ ಒಂದು ಭಾಗ ಇಳಿಸಿಕೊಂಡಾಗ ಇಬ್ಬರ ದೇಹವೂ ಲೆಕ್ಕಕ್ಕಿಂತ ಹೆಚ್ಚಾಗಿಯೇ ಖರ್ಚು ತಗ್ಗಿಸಿತು.

ಈ ಜಿಪುಣತನದ ಲೆಕ್ಕ ಬರೆಯುವವರು ಯಾರು? 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ‘ಲೆಪ್ಟಿನ್’ ಎಂಬ ಹಾರ್ಮೋನನ್ನು ಪತ್ತೆಹಚ್ಚಿತು. (ಗ್ರೀಕ್ ಭಾಷೆಯಲ್ಲಿ ‘ಲೆಪ್ಟೋಸ್’ ಎಂದರೆ ತೆಳ್ಳಗೆ.) ಅದನ್ನು ಸ್ರವಿಸುವುದು ಸ್ವತಃ ಕೊಬ್ಬಿನ ಕೋಶಗಳು. ಉಗ್ರಾಣದಲ್ಲಿ ದಾಸ್ತಾನು ಎಷ್ಟಿದೆ ಎಂದು ರಕ್ತದ ಮೂಲಕ ಮೆದುಳಿಗೆ ಹೋಗುವ ವರದಿ ಅದು. ದಾಸ್ತಾನು ಇಳಿದರೆ ಲೆಪ್ಟಿನ್ ಇಳಿಯುತ್ತದೆ, ಮೆದುಳು ಗಾಬರಿಬೀಳುತ್ತದೆ. ಐದು ವರ್ಷಗಳ ನಂತರ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ‘ಗ್ರೆಲಿನ್’ ಎಂಬ ಇನ್ನೊಂದನ್ನು ಕಂಡುಕೊಂಡರು. ಇದು ಹಸಿವನ್ನು ಕೆರಳಿಸುವಂಥದು. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಹತ್ತು ವಾರ ಕಟ್ಟುನಿಟ್ಟಾದ ಪಥ್ಯ ಮಾಡಿ ಸರಾಸರಿ 13 ಕಿಲೋಗೂ ಹೆಚ್ಚು ಇಳಿಸಿದವರನ್ನು ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. ಆಗಲೂ ಲೆಪ್ಟಿನ್ ಕಡಿಮೆಯೇ ಇತ್ತು, ಗ್ರೆಲಿನ್ ಹೆಚ್ಚೇ ಇತ್ತು. ಪಥ್ಯ ಮುಗಿದು ವರ್ಷವಾದರೂ ಹಸಿವು ಮುಗಿದಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಇದು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಗಣಿತ ಬಲ್ಲ ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಬಹುದು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಹದಿನೈದು ದಿನಕ್ಕೆ ಒಂದು ಕಿಲೋ, ವರ್ಷಕ್ಕೆ 24 ಕಿಲೋ ಇಳಿಯಬೇಕು. ಹಾಗೇ ಬಿಟ್ಟರೆ ಮೂರು ವರ್ಷದಲ್ಲಿ ಮನುಷ್ಯನೇ ಮಾಯ! ಕಾಗದದ ಮೇಲಿನ ಈ ಲೆಕ್ಕ ಮೈಮೇಲೆ ನಡೆಯುವುದಿಲ್ಲ, ಏಕೆಂದರೆ ಕೊಬ್ಬು ಇಳಿದಂತೆಲ್ಲ ಖರ್ಚೂ ಹಸಿವೂ ಬದಲಾಗುತ್ತ ಹೋಗುತ್ತವೆ.

ಎಷ್ಟು ಬದಲಾಗುತ್ತವೆ ಎಂಬುದನ್ನು ತಿಳಿಯಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತಿತರರು ಜಾಣ ದಾರಿಯೊಂದನ್ನು ಹಿಡಿದರು. ಸಕ್ಕರೆ ಕಾಯಿಲೆಯ ಒಂದು ಬಗೆಯ ಮಾತ್ರೆ ದಿನಕ್ಕೆ 90 ಗ್ರಾಂನಷ್ಟು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಅಂದರೆ 360 ಕ್ಯಾಲೊರಿ ಸದ್ದಿಲ್ಲದೆ ಸೋರಿಹೋಗುತ್ತದೆ. ನುಂಗಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಇಂಥವರ ತೂಕ ವರ್ಷದಲ್ಲಿ ನಾಲ್ಕು ಕಿಲೋದಷ್ಟು ಇಳಿದು ಅಲ್ಲಿಗೇ ನಿಂತುಬಿಟ್ಟಿತು. ಕಾರಣ, ತಮಗರಿವಿಲ್ಲದೆಯೇ ಅವರು ಹೆಚ್ಚು ತಿನ್ನತೊಡಗಿದ್ದರು. 2016ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20–30 ಕ್ಯಾಲೊರಿಯಷ್ಟು ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಐದು ಕಿಲೋ ಇಳಿಸಿದವರನ್ನು ದಿನಾ 500 ಕ್ಯಾಲೊರಿಯಷ್ಟು ಹೆಚ್ಚಿನ ಹಸಿವು ಕಾಡುತ್ತದೆ ಎಂದಾಯಿತು. ಅದನ್ನು ಒಂದು ದಿನ ತಡೆಯಬಹುದು, ಒಂದು ತಿಂಗಳೂ ತಡೆಯಬಹುದು. ಪರೀಕ್ಷೆ, ಮದುವೆ, ಜ್ವರ, ಬೇಸರ ಎಲ್ಲದರ ನಡುವೆ ವರ್ಷಗಟ್ಟಲೆ ತಡೆಯುವುದೆಂದರೆ ಸಾಮಾನ್ಯ ಮಾತಲ್ಲ.

ಇದೇ ಹಾಲ್ ಅಮೆರಿಕದ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದರು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದ್ದವರು 41 ಕಿಲೋ ಮರಳಿ ಪಡೆದಿದ್ದರು. ಅದಕ್ಕಿಂತ ಆಶ್ಚರ್ಯವೆಂದರೆ, ಅವರ ದೇಹ ಅದೇ ಗಾತ್ರದ ಬೇರೆಯವರಿಗಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ಶಕ್ತಿಯನ್ನು ಸುಡುತ್ತಿತ್ತು. ಆದರೂ ಆ ಗುಂಪಿನಲ್ಲಿ ತೂಕ ಕಾಯ್ದುಕೊಂಡವರು ಹೆಚ್ಚಾಗಿ ಮೈಬಗ್ಗಿಸಿ ಓಡಾಡುವ ಅಭ್ಯಾಸ ಬಿಡದವರು. ವ್ಯಾಯಾಮದ ವಿಚಿತ್ರ ಇದು. ಇಳಿಸುವುದಕ್ಕೆ ಅಷ್ಟಾಗಿ ಒದಗದು (ಒಂದು ಗಂಟೆಯ ಚುರುಕು ನಡಿಗೆಯ ಗಳಿಕೆಯನ್ನು ಬೇಕರಿಯ ಒಂದು ಪಫ್ ತಿಂದುಹಾಕುತ್ತದೆ), ಇಳಿದದ್ದನ್ನು ಉಳಿಸಿಕೊಳ್ಳಲು ಒದಗುತ್ತದೆ.

ಎಲ್ಲರ ದೇಹವೂ ಒಂದೇ ತೆರನಾಗಿ ಕೂಡಿಡುವುದಿಲ್ಲ. 1990ರಲ್ಲಿ ಕೆನಡದ ಕ್ಲಾಡ್ ಬೂಷಾರ್ 12 ಜೋಡಿ ತದ್ರೂಪಿ ಅವಳಿಗಳಿಗೆ ನೂರು ದಿನಗಳ ಅವಧಿಯಲ್ಲಿ, ವಾರಕ್ಕೆ ಆರು ದಿನದಂತೆ, 1,000 ಕ್ಯಾಲೊರಿ ಹೆಚ್ಚಿಗೆ ಉಣಿಸಿದರು. ಒಬ್ಬಾತ ನಾಲ್ಕು ಕಿಲೋ ಏರಿದರೆ ಮತ್ತೊಬ್ಬ 13 ಕಿಲೋ ಏರಿದ. ಅವಳಿ ಅಣ್ಣತಮ್ಮಂದಿರು ಮಾತ್ರ ಹೆಚ್ಚುಕಡಿಮೆ ಒಂದೇ ಸಮ ಏರಿದ್ದರು. ‘ತಿಂದದ್ದೆಲ್ಲ ಮೈಗೆ ಹತ್ತುತ್ತದೆ’ ಎನ್ನುವವರ ಮಾತು ನೆಪವೇ ಆಗಬೇಕಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು.

ನಮ್ಮವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಅಚ್ಚುಹಾಕಿಸಿದರು. ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ಆದರೆ ಮೈಯ ಕೊಬ್ಬು ಯಡ್ಕಿನ್‌ರಲ್ಲಿ ಶೇಕಡಾ 9, ಯಾಜ್ಞಿಕ್‌ರಲ್ಲಿ ಶೇಕಡಾ 21! ಭಾರತೀಯರು ನೋಡಲು ತೆಳ್ಳಗಿದ್ದರೂ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಇದು ಹುಟ್ಟಿನಿಂದಲೇ ಬಂದದ್ದು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಪುಣೆಯಲ್ಲಿ ಮತ್ತು ನಮ್ಮ ಮೈಸೂರಿನಲ್ಲಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿಟ್ಟುಕೊಂಡಿತ್ತು. 1990ರ ದಶಕದ ಕೊನೆಯಲ್ಲಿ ಅಲ್ಲಿ ಹುಟ್ಟಿದ ಮಕ್ಕಳನ್ನು ಬ್ರಿಟನ್ನಿನ ಕೂಸುಗಳೊಡನೆ ಹೋಲಿಸಿದಾಗ, ತೂಕ ಕಡಿಮೆಯಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬು ಕಡಿಮೆಯಿರಲಿಲ್ಲ. ಕೂತಿದ್ದಾಗಲೂ ಶಕ್ತಿಯನ್ನು ಸುಡುವುದರಲ್ಲಿ ಮಾಂಸಖಂಡ ಕೊಬ್ಬಿಗಿಂತ ಮುಂದು. ಊಟ ಬಿಟ್ಟು ಅವಸರದಲ್ಲಿ ತೂಕ ಇಳಿಸಿದರೆ ಕೊಬ್ಬಿನ ಜೊತೆಗೆ ಹೋಗುವುದು ಮೊದಲೇ ಕೊರತೆಯಿರುವ ಈ ಮಾಂಸಖಂಡವೇ.

ಓದುವ ಮಕ್ಕಳಿಗೆ ನಿದ್ದೆಯ ವಿಷಯ ಹೇಳಲೇಬೇಕು. 2004ರಲ್ಲಿ ಷಿಕಾಗೋದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಲೆಪ್ಟಿನ್ ಶೇಕಡಾ 18ರಷ್ಟು ಇಳಿಯಿತು, ಗ್ರೆಲಿನ್ ಶೇಕಡಾ 28ರಷ್ಟು ಏರಿತು. ಸಿಇಟಿ, ನೀಟ್ ಎಂದು ಮಧ್ಯರಾತ್ರಿವರೆಗೆ ಕೂರುವ ಮಗ ಹನ್ನೊಂದು ಗಂಟೆಗೆ ಡಬ್ಬ ತಡಕಾಡಿದರೆ ಬೈಯುವ ಮೊದಲು ಇದು ನೆನಪಿರಲಿ.

ಮನೆಯವರು ಮಾಡಬಹುದಾದ್ದೇನು?

ಮಾಡಬಾರದ್ದು ಮೊದಲು. ಕೀಸ್ ಅವರ ಅದೇ ಮಿನೆಸೋಟಾ ವಿಶ್ವವಿದ್ಯಾಲಯ 1999ರಲ್ಲಿ ಹದಿಹರೆಯದ ಎರಡೂವರೆ ಸಾವಿರ ಮಕ್ಕಳ ಊಟದ ಅಭ್ಯಾಸ ಕೇಳಿ, ಐದು ವರ್ಷ ಬಿಟ್ಟು ಮತ್ತೆ ವಿಚಾರಿಸಿತು. ಊಟ ತಪ್ಪಿಸುವಂಥ ಉಪಾಯಗಳಿಂದ ತೂಕ ಇಳಿಸಹೊರಟಿದ್ದವರಲ್ಲೇ ಮುಂದೆ ಬೊಜ್ಜು ಹೆಚ್ಚು. ಸಿಕ್ಕಾಪಟ್ಟೆ ತಿನ್ನುವ ಚಟವೂ ಹೆಚ್ಚು. 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ತೂಕದ ಬಗ್ಗೆ ಹೆಚ್ಚು ಗೇಲಿಗೊಳಗಾದ ಮಕ್ಕಳು ಉಳಿದವರಿಗಿಂತ ಬೇಗ ದಪ್ಪಗಾದರೆಂದು ತೋರಿಸಿತು. ‘ಡುಮ್ಮಿ’ ಎಂದು ಕರೆದರೆ ಅವಮಾನದಿಂದಾದರೂ ಇಳಿಸಿಯಾಳು ಎಂಬುದು ಭ್ರಮೆ.

ಬೆಳೆಯುವ ಮಕ್ಕಳಿಗೆ ದೊಡ್ಡವರಿಗಿಲ್ಲದ ಒಂದು ಅನುಕೂಲವಿದೆ. ಅವರು ಎತ್ತರವಾಗುತ್ತಿರುತ್ತಾರೆ. ಸ್ವಲ್ಪ ದಪ್ಪಗಿರುವ ಮಗುವಿನ ತೂಕ ಇಳಿಯಬೇಕಾಗಿಯೇ ಇಲ್ಲ; ಇದ್ದಲ್ಲೇ ನಿಂತರೆ ಎತ್ತರ ಅದನ್ನು ಸರಿದೂಗಿಸುತ್ತದೆ. ಅದಕ್ಕೆ ಆ ಮಗುವಿಗೊಂದು ತಟ್ಟೆ, ಉಳಿದವರಿಗೊಂದು ತಟ್ಟೆ ಎಂಬ ಭೇದ ಬೇಡ. ಜ್ಯೂಸು, ಕೋಲಾ, ಚಿಪ್ಸು ಮನೆಯೊಳಗೇ ಬಾರದಿದ್ದರೆ ಯಾರೂ ಯಾರನ್ನೂ ಕಾಯಬೇಕಿಲ್ಲ. ಅನ್ನ ಒಂದು ಸೌಟು ಕಡಿಮೆಯಾಗಿ ಹುರುಳಿ, ಹೆಸರುಕಾಳು, ಮೊಟ್ಟೆ, ಸೊಪ್ಪು ಹೆಚ್ಚಾಗುವುದು ಎಲ್ಲರಿಗೂ ಒಳ್ಳೆಯದೇ.

ದೊಡ್ಡವರಿಗಾಗಿ ಹೊಸ ಚುಚ್ಚುಮದ್ದುಗಳು 2025ರಲ್ಲಿ ಭಾರತಕ್ಕೆ ಬಂದಿವೆ. ಹಸಿವಿನ ಸಂದೇಶವನ್ನೇ ತಗ್ಗಿಸುವ ಸೆಮಾಗ್ಲುಟೈಡ್ ಇವುಗಳಲ್ಲೊಂದು. 2021ರ ಪ್ರಯೋಗದಲ್ಲಿ ಸುಮಾರು ಶೇಕಡಾ 15ರಷ್ಟು ತೂಕ ಇಳಿಸಿತ್ತು. ನಿಲ್ಲಿಸಿದ ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿ ಬಂತು. ದೇಹ ಮರೆತಿರಲಿಲ್ಲ.

ತಕ್ಕಡಿಯ ಮುಳ್ಳು ಅಲುಗದಿದ್ದರೆ ಪ್ರಯತ್ನವೆಲ್ಲ ವ್ಯರ್ಥವೆಂದೂ ಅಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಚೆನ್ನೈನಲ್ಲಿ ಮೂರು ವರ್ಷ ಗಮನಿಸಿದ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ವರದಿ ಮಾಡಿತು: ಊಟ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ ಶೇಕಡಾ 28.5ರಷ್ಟು ತಗ್ಗಿತ್ತು, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ.

ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭಗಳೂ ಇವೆ. ಮಗು ದಪ್ಪಗಾಗುತ್ತ ಎತ್ತರ ಮಾತ್ರ ನಿಂತುಹೋಗಿದ್ದರೆ ಥೈರಾಯ್ಡ್ ಪರೀಕ್ಷೆ ಆಗಬೇಕು. ಹುಡುಗಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೂ ತಡಮಾಡಬಾರದು. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾಗುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಾಗಿರಬಹುದು. ಎಷ್ಟೋ ತಾಯಂದಿರು ಅದನ್ನು ಕೊಳೆಯೆಂದು ತಿಳಿದು ವಾರವಾರವೂ ಸೀಗೆಪುಡಿ ಹಾಕಿ ತಿಕ್ಕುತ್ತಿರುತ್ತಾರೆ.